ಪ್ರತಿಕ್ರಿಯೆ: ಪರದೆ ನಡುವೆ ಒಂದೇ ಬಿಳಿ ಗೆರೆ

ನಿಮ್ಮ 21 ಇಂಚಿನ ಹಳೇ ಡಬ್ಬಾ ಟಿವಿಯಲ್ಲಿ ಧ್ವನಿ ಸರಿಯಾಗಿದೆ, ಚಿತ್ರದ ಬದಲು ನಡುವೆ ಅಡ್ಡಕ್ಕೊಂದು ಬಿಳಿ ಗೆರೆ ಮಾತ್ರ ಅಂದಿದ್ದೀರಿ. ಪಿಕ್ಚರ್ ಟ್ಯೂಬ್ ಹೋಗಿಲ್ಲ ಸಾರ್, ಹೋಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚಿತ್ರವನ್ನು ಮೇಲಿಂದ ಕೆಳಕ್ಕೆ ಹರಡುವ ವರ್ಟಿಕಲ್ ಸೆಕ್ಷನ್ ಕೈಕೊಟ್ಟಿದೆ. ಸದ್ಯಕ್ಕೆ ಆಫ್ ಮಾಡಿಡಿ. ಗೆರೆ ಹಾಗೇ ಉರಿದರೆ ಟ್ಯೂಬಿನ ಒಳಗೆ ಬೆಳಕು ಕೊಡುವ ಲೇಪನ (ಫಾಸ್ಫರ್) ಸುಟ್ಟು ಖಾಯಂ ಕಲೆ ಬೀಳುತ್ತೆ.

ಪ್ಲಗ್ ಕಿತ್ತ ಮೇಲೂ ಟ್ಯೂಬಿನ ಮೇಲಿರುವ ರಬ್ಬರ್ ಕ್ಯಾಪಿನ ಕೆಳಗೆ ಸಾವಿರಾರು ವೋಲ್ಟ್ ಕೂತಿರಬಹುದು. ಅದನ್ನು ಡಿಸ್ಚಾರ್ಜ್ (ಖಾಲಿ) ಮಾಡಿ ಅಭ್ಯಾಸ ಇಲ್ಲದಿದ್ದರೆ ಹಿಂದಿನ ಕವರ್ ಬಿಚ್ಚಲೇಬೇಡಿ, ಮೆಕ್ಯಾನಿಕ್‌ಗೆ ಕೊಡಿ.

ಅಭ್ಯಾಸ ಇದ್ದರೆ, ಹೀಟ್‌ಸಿಂಕಿಗೆ (ಬಿಸಿ ಹೀರುವ ಲೋಹದ ತಗಡು) ಕೂರಿಸಿರುವ ವರ್ಟಿಕಲ್ ಸೆಕ್ಷನ್ನಿನ ಚಿಪ್, ಅಂದರೆ ವರ್ಟಿಕಲ್ ಐಸಿ ಹುಡುಕಿ (ಈ ಸೈಜಿನ ಎಷ್ಟೋ ಸೆಟ್ಟುಗಳಲ್ಲಿ ಎಲ್‌ಎ 7840). ಬೋರ್ಡ್ ತಿರುಗಿಸಿ ಅದರ ಕಾಲುಗಳ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ. ಕಾಲಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ ಕಂಡರೆ ಅದೇ ಡ್ರೈ ಸೋಲ್ಡರ್, ಅಂದರೆ ಬಿರುಕು ಬಿಟ್ಟು ಸಂಪರ್ಕ ತಪ್ಪಿದ ಬೆಸುಗೆ. ಹಳೇ ಸೀಸ ತೆಗೆದು ಹೊಸದು ಹಾಕಿ, ಯೋಕ್ (ಟ್ಯೂಬಿನ ಕತ್ತಿನ ಸುತ್ತ ಇರುವ ತಂತಿ ಸುರುಳಿ) ಕನೆಕ್ಟರಿನದ್ದನ್ನೂ ಹಾಗೇ ಮಾಡಿ. ಬಹಳ ಸಲ ಇಷ್ಟಕ್ಕೇ ಚಿತ್ರ ವಾಪಸ್ ಬರುತ್ತೆ.

ಬರದಿದ್ದರೆ ಐಸಿಗೆ ಸಪ್ಲೈ ಕೊಡುವ ಫ್ಯೂಸಿಬಲ್ ರೆಸಿಸ್ಟರ್ (ಕರೆಂಟ್ ಜಾಸ್ತಿಯಾದರೆ ಫ್ಯೂಸಿನ ಹಾಗೆ ಸುಡುವ ರೆಸಿಸ್ಟರ್) ಮೀಟರಿನಲ್ಲಿ ಚೆಕ್ ಮಾಡಿ. ಅದು ಓಪನ್ ಆಗಿದ್ದರೆ (ಒಳಗೆ ಕಡಿದುಹೋಗಿದ್ದರೆ) ಅದೊಂದನ್ನೇ ಬದಲಿಸಬೇಡಿ. ಐಸಿ ಶಾರ್ಟ್ ಆಗಿದ್ದರೆ ಹೊಸ ರೆಸಿಸ್ಟರೂ ಸುಟ್ಟುಹೋಗುತ್ತೆ. ಬೆಂಗಳೂರಿನಲ್ಲಿದ್ದರೆ ಬಿಡಿಭಾಗಕ್ಕೆ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ.