ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದೇನೆ. ಫ್ಲೋರೈಡ್ ಪೇಸ್ಟ್‌ನಿಂದ ತಂತಿ ಸವೆಯುತ್ತದಂತೆ, ಪೇಸ್ಟ್ ಬದಲಾಯಿಸಲೇ?

ದಯವಿಟ್ಟು ಬದಲಾಯಿಸಬೇಡಿ. ನಾನು ಬದಲಾಯಿಸಿದ್ದೆ, ಅದರ ಗುರುತು ಇನ್ನೂ ನನ್ನ ಹಲ್ಲಿನ ಮೇಲಿದೆ.

ಕ್ಲಿಪ್ ಹಾಕಿಸಿ ಮೂರನೇ ತಿಂಗಳು. ಮೇಲಿನ ಸಾಲಿಗೆ ನಿಕಲ್-ಟೈಟಾನಿಯಂ ತಂತಿ ಇತ್ತು. ಫ್ಲೋರೈಡ್ ಟೈಟಾನಿಯಂ ಅನ್ನು ತಿನ್ನುತ್ತದೆ ಅಂತ ಎಲ್ಲೋ ಓದಿದೆ. ಜೊತೆಗೆ ಸೂಕ್ಷ್ಮದರ್ಶಕದ ಎರಡು ಚಿತ್ರ: ಒಂದರಲ್ಲಿ ನುಣುಪಾದ ತಂತಿ, ಇನ್ನೊಂದರಲ್ಲಿ ಮೈತುಂಬ ಗುಂಡಿ ಬಿದ್ದ ತಂತಿ. ಆ ಗುಂಡಿಗಳು ಕಣ್ಣಿಗೆ ಕಟ್ಟಿಬಿಟ್ಟವು. ಮರುದಿನವೇ ಫ್ಲೋರೈಡ್ ಇಲ್ಲದ ಪೇಸ್ಟ್ ತಂದೆ. ಡಾಕ್ಟರನ್ನು ಒಂದು ಮಾತು ಕೇಳಲಿಲ್ಲ. ಒಂಬತ್ತು ತಿಂಗಳು ಅದರಲ್ಲೇ ಉಜ್ಜಿದೆ.

ಓದಿದ್ದು ಸುಳ್ಳಾಗಿರಲಿಲ್ಲ, ಅದೇ ಕಷ್ಟ. ಈ ತಂತಿಯಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ. 55 ನಿಕಲ್, ಉಳಿದದ್ದು ಟೈಟಾನಿಯಂ. ಅದನ್ನು ಕಾಯುವುದು ಮೈಮೇಲೆ ತಾನಾಗಿಯೇ ಕಟ್ಟಿಕೊಳ್ಳುವ ಟೈಟಾನಿಯಂ ಆಕ್ಸೈಡ್‌ನ ತೀರಾ ತೆಳುವಾದ ಪದರ. ಫ್ಲೋರೈಡ್ ಜೊತೆ ಆಮ್ಲ ಸೇರಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ, ಅದು ಈ ಪದರವನ್ನು ಕರಗಿಸುತ್ತದೆ. ಆಗ ಒಳಗಿನ ಲೋಹ ಸವೆಯುತ್ತದೆ, ನಿಕಲ್ ಹೊರಬರುತ್ತದೆ, ತಂತಿಯ ಮೈ ಒರಟಾಗಿ ಬ್ರಾಕೆಟ್‌ನೊಳಗೆ (ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸುವ ಚಿಕ್ಕ ತುಣುಕು) ಸಲೀಸಾಗಿ ಜಾರುವುದಿಲ್ಲ. ಲೋಹ ಹೈಡ್ರೋಜನ್ ಹೀರಿಕೊಂಡು ಪೆಡಸಾಗುವುದೂ ಉಂಟು.

ನಾನು ಎಡವಿದ್ದು ‘ಆಮ್ಲ ಸೇರಿದರೆ’ ಅನ್ನುವ ಕಡೆ. ಅದನ್ನು ಓದಿದ್ದೆ, ಆದರೆ ದಾಟಿಕೊಂಡು ಹೋಗಿದ್ದೆ. ಪಿಎಚ್ ಅಂದರೆ ಆಮ್ಲೀಯತೆಯ ಅಳತೆ: 7 ತಟಸ್ಥ, ಕೆಳಗಿಳಿದಷ್ಟೂ ಆಮ್ಲ ಹೆಚ್ಚು. ಪಿಎಚ್ 7ರ ಹತ್ತಿರ ಫ್ಲೋರೈಡ್ ಬರೀ ಅಯಾನಾಗಿಯೇ (ವಿದ್ಯುದಾವೇಶ ಹೊತ್ತ ಕಣವಾಗಿಯೇ) ಇರುತ್ತದೆ, ಹೈಡ್ರೋಫ್ಲೋರಿಕ್ ಆಮ್ಲ ಇಲ್ಲವೆನ್ನುವಷ್ಟು ಕಡಿಮೆ. ಪಿಎಚ್ 4ಕ್ಕಿಂತ ಕೆಳಗಿಳಿದಂತೆ ಅದು ಜೋರಾಗುತ್ತದೆ. ದಿನಾ ಬಳಸುವ ಸೋಡಿಯಂ ಫ್ಲೋರೈಡ್ ಪೇಸ್ಟ್‌ಗಳು ಸಾಮಾನ್ಯವಾಗಿ ತಟಸ್ಥದ ಆಸುಪಾಸಿನಲ್ಲಿರುತ್ತವೆ, ಅವುಗಳಲ್ಲಿ ಫ್ಲೋರೈಡ್ ಇರುವುದು 1000ದಿಂದ 1500 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು). ಅದೂ ಬಾಯಲ್ಲಿರುವುದು ಎರಡು ನಿಮಿಷ, ಆಮೇಲೆ ಜೊಲ್ಲು ತೊಳೆದುಕೊಂಡು ಹೋಗುತ್ತದೆ. ಪ್ರಯೋಗಾಲಯದಲ್ಲಿ ತಂತಿಯನ್ನು ಗಂಟೆಗಟ್ಟಲೆ ದ್ರಾವಣದಲ್ಲಿ ಮುಳುಗಿಸಿ ಇಡುತ್ತಾರೆ, ಎಷ್ಟೋ ಸಲ ಬೇಕೆಂದೇ ಆಮ್ಲೀಯ ಮಾಡಿ. ಆ ಲೋಟದೊಳಗಿನ ಚಿತ್ರ ನೋಡಿ ನನ್ನ ಬಾಯಿಯೊಳಗೂ ಅದೇ ನಡೆಯುತ್ತಿದೆ ಅಂದುಕೊಂಡೆ. ಇನ್ನೂ ದೊಡ್ಡ ತಪ್ಪು ಬೇರೆ: ತಂತಿ ಎಷ್ಟು ದಿನ ಇರುವ ವಸ್ತು ಅಂತ ಯೋಚಿಸಲೇ ಇಲ್ಲ. ಆ ಒಂಬತ್ತು ತಿಂಗಳಲ್ಲಿ ಡಾಕ್ಟರು ಮೇಲಿನ ತಂತಿಯನ್ನೇ ನಾಲ್ಕು ಸಲ ಬದಲಾಯಿಸಿದ್ದರು. ಬಿಚ್ಚಿ ಎಸೆಯುವ ವಸ್ತುವನ್ನು ಕಾಪಾಡಲು ಹೋಗಿ ಬದಲಾಯಿಸಲಾಗದ ಹಲ್ಲನ್ನು ಕಾವಲಿಲ್ಲದೆ ಬಿಟ್ಟೆ.

ಕ್ಲಿಪ್ ಇರುವಾಗ ಬ್ರಾಕೆಟ್‌ನ ಸುತ್ತ ಪಾಚಿ ಕೂರುತ್ತದೆ, ಬ್ರಷ್ ಸರಿಯಾಗಿ ತಲುಪುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪಿಎಚ್ ಸುಮಾರು 5.5ಕ್ಕೆ ಇಳಿದರೆ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಖನಿಜ ಕಳೆದುಕೊಳ್ಳಲು ಶುರು. ಹೋದ ಖನಿಜ ವಾಪಸ್ ಕೂರಲು ನೆರವಾಗುವುದು ಈ ಫ್ಲೋರೈಡೇ. ಕ್ಲಿಪ್ ಇರುವವರಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕು.

ಹಲ್ಲಿನಿಂದ ಕಳಚಿಕೊಂಡ ಒಂದು ಬ್ರಾಕೆಟ್ ಅಂಟಿಸಿಕೊಳ್ಳಲು ಹೋದ ದಿನ ಡಾಕ್ಟರು ಎಡಗಡೆಯ ಕೋರೆಹಲ್ಲಿಗೆ ಗಾಳಿ ಊದಿ ಒಣಗಿಸಿ, ಕನ್ನಡಿ ಕೈಗೆ ಕೊಟ್ಟರು. ಬ್ರಾಕೆಟ್ ಕೂತಿದ್ದ ಚೌಕ ನಯವಾಗಿ ಹೊಳೆಯುತ್ತಿತ್ತು, ಅದರ ಸುತ್ತ ಸುಣ್ಣ ಬಳಿದಂತೆ ಬಿಳಿ ಅಂಚು, ಖನಿಜ ಹೋದ ಗುರುತು. ಅವರು ಕೇಳಿದ್ದು ಒಂದೇ, ‘ಯಾವ ಪೇಸ್ಟ್ ಬಳಸ್ತಿದ್ದೀರಿ?’ ಹೇಳಿದೆ. ಅವರು ಬಯ್ಯಲಿಲ್ಲ, ಆ ದಿನ ತೆಗೆದ ತಂತಿಯನ್ನು ನನ್ನ ಅಂಗೈಯಲ್ಲಿಟ್ಟರು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ, ಬ್ರಾಕೆಟ್‌ಗೆ ತಾಗುವ ಕಡೆ ಸಣ್ಣ ಗೀರುಗಳಿದ್ದವು, ಅಷ್ಟೇ. ಫ್ಲೋರೈಡ್ ಬಿಟ್ಟರೂ ತಂತಿ ಉಜ್ಜಿ ಸವೆದೇ ಇತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಅನ್ನುತ್ತೇನೆ. ತಂತಿಗೆ ಯಾವ ಪೇಸ್ಟ್ ಒಳ್ಳೆಯದು ಅಂತ ಕೇಳಬೇಡಿ, ಹಲ್ಲಿಗೆ ಯಾವುದು ಒಳ್ಳೆಯದು ಅಂತ ಕೇಳಿ. ಫ್ಲೋರೈಡ್ ಪೇಸ್ಟ್‌ನಲ್ಲೇ ದಿನಕ್ಕೆ ಎರಡು ಸಲ ಉಜ್ಜಿ, ಬ್ರಾಕೆಟ್‌ನ ಮೇಲೂ ಕೆಳಗೂ, ತಂತಿಯಡಿ ಸಣ್ಣ ಬ್ರಷ್ ತೂರಿಸಿ. ತಂತಿ ಉಳಿಯಲಿ ಅಂತ ನೀರು ಹಾಕಿ ಗಳಗಳ ಮುಕ್ಕಳಿಸಬೇಡಿ, ಉಗಿದು ಹಾಗೇ ಬಿಡಿ. ಕಾಳಜಿ ಮಾಡಲೇಬೇಕಾದ್ದು ಆಮ್ಲೀಯ ಫ್ಲೋರೈಡ್ ಜೆಲ್ ಬಗ್ಗೆ. ಅದರಲ್ಲಿ ಶೇ. 1.23, ಅಂದರೆ 12,300 ಪಿಪಿಎಂ ಫ್ಲೋರೈಡ್ ಇರುತ್ತದೆ, ಪಿಎಚ್ 3ರಿಂದ 4. ಡಾಕ್ಟರು ಜೆಲ್ ಹಚ್ಚುತ್ತೇನೆ ಅಂದರೆ, ಟೈಟಾನಿಯಂ ತಂತಿ ಇದೆಯಲ್ಲ, ತಟಸ್ಥ ಜೆಲ್ ಆಗುತ್ತದೆಯೇ ಅಂತ ಕೇಳಿ. ಮನೆಯಲ್ಲಿ ನೀವಾಗಿಯೇ ಅಂಥದ್ದನ್ನು ಹಚ್ಚಿ ರಾತ್ರಿಯಿಡೀ ಬಿಡಬೇಡಿ. ನಿಕಲ್ ಅಲರ್ಜಿ ಇದ್ದರೆ ಮೊದಲೇ ಹೇಳಿಬಿಡಿ, ಅದು ಪೇಸ್ಟ್‌ನಿಂದ ಬಗೆಹರಿಯುವ ವಿಷಯವಲ್ಲ.

ನನ್ನ ಬಿಳಿ ಅಂಚುಗಳಲ್ಲಿ ಕೆಲವು ಫ್ಲೋರೈಡ್ ಪೇಸ್ಟ್‌ಗೆ ವಾಪಸ್ ಬಂದ ಮೇಲೆ ತಿಂಗಳುಗಳು ಕಳೆದಂತೆ ಮಾಸಿದವು. ಕೋರೆಹಲ್ಲಿನದು ಉಳಿದಿದೆ, ಬಾಯಿ ತೆರೆದು ಸ್ವಲ್ಪ ಹೊತ್ತು ಮಾತಾಡಿ ಹಲ್ಲು ಒಣಗಿದರೆ ಈಗಲೂ ಎದ್ದು ಕಾಣುತ್ತದೆ.