ಪಿಂಚಣಿ ಪ್ರಶ್ನೋತ್ತರ: ಹತ್ತು ವರ್ಷಕ್ಕೆ ಎರಡೇ ತಿಂಗಳು ಕಮ್ಮಿ

ಪ್ರಶ್ನೆ: ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ 4 ವರ್ಷ 2 ತಿಂಗಳು, ಆಮೇಲೆ ಹಾಸನದ ಗಾರ್ಮೆಂಟ್ಸ್‌ನಲ್ಲಿ 5 ವರ್ಷ 8 ತಿಂಗಳು ದುಡಿದು ಕೆಲಸ ಬಿಟ್ಟಿದ್ದೇನೆ. ವಯಸ್ಸು 43. ಪಿಂಚಣಿಗೆ ಬೇಕಾದ ಹತ್ತು ವರ್ಷ ತುಂಬಿಲ್ಲ, ಪಿಎಫ್ ಜೊತೆ ಪಿಂಚಣಿ ದುಡ್ಡನ್ನೂ ತೆಗೆದುಬಿಡು ಅನ್ನುತ್ತಾರೆ. ತೆಗೆಯಲೇ?
– ಓದುಗರು, ಹಾಸನ

ಉತ್ತರ: ದಯವಿಟ್ಟು ತೆಗೆಯಬೇಡಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಆರು ತಿಂಗಳು ದಾಟಿದ ತುಂಡು ಸೇವೆಯನ್ನು ಒಂದು ವರ್ಷವೆಂದೇ ಹಿಡಿಯುತ್ತಾರೆ. ನಿಮ್ಮ 9 ವರ್ಷ 10 ತಿಂಗಳು ಲೆಕ್ಕಕ್ಕೆ 10 ವರ್ಷ. 58ಕ್ಕೆ ಪಿಂಚಣಿ ಬರುತ್ತದೆ.

ಆದರೆ ಎರಡು ಕಡೆಯ ಸೇವೆ ಒಂದೇ ಯುಎಎನ್‌ನಲ್ಲಿ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸದಸ್ಯರ ನಂಬರು) ಕೂಡಿರಬೇಕು. ಎಡವಟ್ಟಾಗುವುದು ಇಲ್ಲೇ. ಗಾರ್ಮೆಂಟ್ಸ್‌ನವರು ಹೊಸ ಯುಎಎನ್ ಮಾಡಿಸಿದ್ದರೆ ತೋಟದ ನಾಲ್ಕು ವರ್ಷ ಹಳೆಯ ನಂಬರಿನಲ್ಲೇ ಅನಾಥವಾಗಿ ಬಿದ್ದಿರುತ್ತದೆ. ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ಸರ್ವಿಸ್ ಹಿಸ್ಟರಿ ತೆಗೆದು ನೋಡಿ. ತೋಟ ಬಿಟ್ಟ ದಿನಾಂಕದ ಜಾಗ ಖಾಲಿಯಿದ್ದರೆ, ಅಥವಾ ಆ ದಿನಾಂಕ ಗಾರ್ಮೆಂಟ್ಸ್ ಸೇರಿದ ದಿನಾಂಕಕ್ಕಿಂತ ಆಮೇಲಿನದಾಗಿದ್ದರೆ, ವರ್ಗಾವಣೆ ಅರ್ಜಿ ಸಿಕ್ಕಿಹಾಕಿಕೊಳ್ಳಬಹುದು. ಖಾಲಿಯಿದ್ದರೆ ನೀವೇ ತುಂಬಬಹುದು. ತಪ್ಪಿದ್ದರೆ ಮಾಲೀಕರ ಜೊತೆ ಸೇರಿ ಜಂಟಿ ಘೋಷಣೆ ಕೊಟ್ಟು ತಿದ್ದಿಸಬೇಕು. ಅದಾದ ಮೇಲೆ ಹಳೆಯ ಖಾತೆ ವರ್ಗಾಯಿಸಿ, ಫಾರಂ 10ಸಿ ಹಾಕಿ ಸ್ಕೀಮ್ ಸರ್ಟಿಫಿಕೇಟ್ (ನಿಮ್ಮ ಪಿಂಚಣಿ ಸೇವೆಯ ದಾಖಲೆ ಪತ್ರ) ಪಡೆಯಿರಿ. ಮುಂದೆ ಬೇರೆ ಕೆಲಸಕ್ಕೆ ಸೇರಿದರೆ ಈ ಹತ್ತು ವರ್ಷಕ್ಕೆ ಅದೂ ಕೂಡುತ್ತದೆ.

ಎಷ್ಟು ಬರುತ್ತದೆ? ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. ಸರಾಸರಿ ₹12,600 ಇದ್ದರೆ ತಿಂಗಳಿಗೆ ₹1,800. ಸಂಬಳವಿಲ್ಲದ ರಜೆಯ ದಿನಗಳು ಸೇವೆಯಿಂದ ಕಳೆದುಹೋಗುತ್ತವೆ. 50 ದಾಟಿದ ಮೇಲೆ ಬೇಗನೆ ಕೇಳಬಹುದು, ಆದರೆ ಮುಂಚಿತವಾದ ಪ್ರತಿ ವರ್ಷಕ್ಕೂ ಶೇ 4 ಕಡಿತ. ಅವಸರ ಬೇಡ.

ಪ್ರಶ್ನೆ: ನನಗೆ ತಿಂಗಳಿಗೆ ಬರುವ ಪಿಂಚಣಿ ₹1,000. ಕಟ್ಟಿದ ದುಡ್ಡಿಗೆ ಬಡ್ಡಿ ಸೇರುವುದಿಲ್ಲವೇ? ಇದನ್ನು ಏರಿಸಬೇಕಾದವರು ಯಾರು?
– ಓದುಗರು, ಮೂಡಿಗೆರೆ

ಉತ್ತರ: ಬಡ್ಡಿ ಸೇರುವುದು ಪಿಎಫ್ ಖಾತೆಗೆ ಮಾತ್ರ. ಮಾಲೀಕರು ಕಟ್ಟುವ ಶೇ 12ರಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ, ಕೇಂದ್ರ ಸರ್ಕಾರ ಶೇ 1.16 ಸೇರಿಸುತ್ತದೆ. ಅದು ಎಲ್ಲರದೂ ಕೂಡಿದ ಹುಂಡಿ; ಅದರಲ್ಲಿ ನಿಮ್ಮ ಹೆಸರಿನ ಗಂಟು ಇರುವುದಿಲ್ಲ. ಸೂತ್ರದ ಪ್ರಕಾರ ₹1,000ಕ್ಕಿಂತ ಕಮ್ಮಿ ಬಂದವರಿಗೆ ಉಳಿದದ್ದನ್ನು 2014ರ ಸೆಪ್ಟೆಂಬರ್‌ನಿಂದ ಕೇಂದ್ರವೇ ಬಜೆಟ್‌ನಿಂದ ತುಂಬಿಕೊಡುತ್ತಿದೆ. ಹಾಗಾಗಿ ಏರಿಸುವ ಕೀಲಿ ಇರುವುದು ದೆಹಲಿಯಲ್ಲಿ. ಕಾರ್ಮಿಕ ಸಚಿವರ ಅಧ್ಯಕ್ಷತೆಯ, ಪಿಎಫ್ ಸಂಸ್ಥೆಯನ್ನು ನಡೆಸುವ ಕೇಂದ್ರೀಯ ಟ್ರಸ್ಟಿ ಮಂಡಳಿ ಶಿಫಾರಸು ಮಾಡಬಹುದು, ಯೋಜನೆ ತಿದ್ದುವುದು ಸರ್ಕಾರದ ಅಧಿಸೂಚನೆಯೇ. ಆ ಮಂಡಳಿಯಲ್ಲಿ ಮಾಲೀಕರಿಗೆ 10, ಕಾರ್ಮಿಕರಿಗೆ 10 ಸ್ಥಾನಗಳಿವೆ. ನಿವೃತ್ತರಿಗೂ ಅಲ್ಲಿ ಅವರದೇ ದನಿ ಬೇಕು ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಬೆಲೆಯ ಜೊತೆ ತಾನಾಗಿ ಏರುವ ಸೂತ್ರ ಬರದಿದ್ದರೆ, ಒಮ್ಮೆ ಏರಿಸಿದ ಮೊತ್ತವೂ ಕೆಲವೇ ವರ್ಷಗಳಲ್ಲಿ ಸವೆಯುತ್ತದೆ.

ಇನ್ನೊಂದು ಮಾತು: ಪಿಂಚಣಿದಾರರು ಬದುಕಿದ್ದಾರೆಂದು ತೋರಿಸುವ ಜೀವನ ಪ್ರಮಾಣಪತ್ರಕ್ಕೆ ನವೆಂಬರ್‌ವರೆಗೆ ಕಾಯಬೇಕಿಲ್ಲ. ಯಾವ ತಿಂಗಳಲ್ಲಿ ಕೊಟ್ಟರೂ 12 ತಿಂಗಳು ನಡೆಯುತ್ತದೆ. ಕಾಫಿ ಹಣ್ಣು ಬಿಡಿಸಿ ಬಿಡಿಸಿ ಬೆರಳಿನ ಗೆರೆ ಸವೆದು ಯಂತ್ರ ಒಪ್ಪದಿದ್ದರೆ ಮೊಬೈಲ್‌ನಲ್ಲಿ ಮುಖ ತೋರಿಸಿ ಕೊಡಬಹುದು. ಬೆಳಕಿಗೆ ಮುಖ ಮಾಡಿ ಕೂತು, ಕೇಳಿದಾಗ ಕಣ್ಣು ಮಿಟುಕಿಸಿ.