ವಾಲ್ವಿಗೆ ಬಲೂನ್ ಹಾಕುವಾಗ ರೇಡಿಯೇಷನ್ ಕಡಿಮೆ ಮಾಡಿಸಬಹುದಾ?

ಚಳ್ಳಕೆರೆಯಿಂದ ತಂಗಿಯನ್ನು ದಾವಣಗೆರೆಗೆ ಕರೆತರುತ್ತಿದ್ದೀರಿ. ಹೃದಯದ ಮೈಟ್ರಲ್ ವಾಲ್ವ್ ಕಿರಿದಾಗಿದೆ, ಬಲೂನ್ ಹಾಕಿ ಬಿಡಿಸುತ್ತಾರಂತೆ. ವಯಸ್ಸು ಬರೀ 24, ಅಷ್ಟು ಹೊತ್ತು ಎಕ್ಸ್‌ರೇ ಬಿದ್ದರೆ ಮುಂದೆ ತೊಂದರೆ ಆಗುತ್ತಾ, ಕಡಿಮೆ ಮಾಡಿಸೋಕೆ ಆಗುತ್ತಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲೇ ಕ್ಯಾತ್ ಲ್ಯಾಬ್, ಅಂದರೆ ಎಕ್ಸ್‌ರೇ ನೋಡಿಕೊಂಡು ಇಂಥ ಹೃದಯದ ಕೆಲಸ ಮಾಡುವ ಕೋಣೆಯ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಯಂತ್ರದ ಪಕ್ಕ ನಿಂತು ನೋಡಿದ್ದನ್ನು ಹೇಳುತ್ತೇನೆ.

ಈ ಭಯಕ್ಕೆ ಬಲೂನ್ ಮಾತ್ರ ಮುಂದೂಡಬೇಡಿ. ವಾಲ್ವ್ ಕಿರಿದಾಗಿ ಶ್ವಾಸಕೋಶದಲ್ಲಿ ನೀರು ತುಂಬೋದು ಇವತ್ತಿನ ಅಪಾಯ. ರೇಡಿಯೇಷನ್‌ನದು ಎಷ್ಟೋ ವರ್ಷದ ಮೇಲೆ ಬಂದರೂ ಬರಬಹುದಾದ ಸಣ್ಣ ಅಪಾಯ. ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ.

ಎಕೋಗೆ, ಅಂದರೆ ಹೃದಯದ ಸ್ಕ್ಯಾನಿಂಗ್‌ಗೆ, ಎಷ್ಟು ಸಲ ಕರೆದರೂ ಹೋಗಿ. ಅದು ಶಬ್ದದ ಅಲೆ, ರೇಡಿಯೇಷನ್ ಇಲ್ಲವೇ ಇಲ್ಲ. ಗಂಟಲೊಳಗೆ ಪೈಪ್ ಇಳಿಸಿ ಮಾಡುವ ಎಕೋ ಕೂಡ ಅಷ್ಟೇ. ಸಿಟಿ ಸ್ಕ್ಯಾನ್ ಬೇರೆ ಲೆಕ್ಕ. ಈಗಾಗಲೇ ಮಾಡಿಸಿದ್ದರೆ ಸಿಡಿ ಜೊತೆಗಿರಲಿ. ಬರೀ ರಿಪೋರ್ಟ್ ತಂದು, ಸಿಡಿ ಮನೆಯಲ್ಲಿ ಬಿಟ್ಟು, ಅದೇ ಸ್ಕ್ಯಾನ್ ಮತ್ತೆ ಮಾಡಿಸಿಕೊಂಡವರನ್ನು ನೋಡಿದ್ದೇನೆ.

ಇನ್ನು ಕ್ಯಾತ್ ಲ್ಯಾಬ್. ಟೇಬಲ್ ಕೆಳಗೆ ಎಕ್ಸ್‌ರೇ ಟ್ಯೂಬ್, ಎದೆಯ ಮೇಲ್ಗಡೆ ಚಿತ್ರ ಹಿಡಿಯುವ ಡಿಟೆಕ್ಟರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೇಸಿಗೆ ಡಿಟೆಕ್ಟರನ್ನು ಎದೆಯಿಂದ ಒಂದು ಗೇಣು ಮೇಲೆಯೇ ಬಿಟ್ಟಿದ್ದೆ. ಚಿತ್ರ ಚೆನ್ನಾಗೇ ಬರುತ್ತಿತ್ತು. ಬರದೇ ಏನು, ಸಾಲದೇ ಬಂದರೆ ಯಂತ್ರ ತಾನೇ ಎಕ್ಸ್‌ರೇ ಜಾಸ್ತಿ ಮಾಡಿಕೊಳ್ಳುತ್ತದೆ! ಸೀನಿಯರ್ ಬಂದು, ಮಾತಾಡದೆ ಡಿಟೆಕ್ಟರ್ ಇಳಿಸಿ, ಟೇಬಲ್ ಸ್ವಲ್ಪ ಎತ್ತಿ, ಪರದೆಯ ಮೂಲೆಯ ಅಂಕಿ ಕಡೆ ಬೆರಳು ತೋರಿಸಿದರು. ನಿಮಿಷಕ್ಕೆ ಏರುವ ಡೋಸು, ಅಂದರೆ ರೇಡಿಯೇಷನ್ ಪ್ರಮಾಣ, ಕಣ್ಣೆದುರೇ ಇಳಿದಿತ್ತು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಉಳಿದಿದ್ದೆಲ್ಲ ಡಾಕ್ಟರ ಕಾಲಿನ ಪೆಡಲ್‌ನಲ್ಲಿದೆ. ತುಳಿದಷ್ಟು ಹೊತ್ತೇ ಎಕ್ಸ್‌ರೇ. ಐದು ನಿಮಿಷ ಆದರೆ ಯಂತ್ರ ಬೀಪ್ ಅಂತ ಕೂಗುತ್ತದೆ. ಸೆಕೆಂಡಿಗೆ 15 ಚಿತ್ರದ ಬದಲು 7.5 ಇಟ್ಟರೂ ಬಲೂನ್ ಕೆಲಸ ನಡೆಯುತ್ತದೆ, ಡೋಸು ಬಹಳ ಇಳಿಯುತ್ತದೆ. ಚಿತ್ರ ರೆಕಾರ್ಡ್ ಮಾಡುವ ಸಿನೆಗೆ ಮಾತ್ರ ಡೋಸು ಜಾಸ್ತಿ, ಕೆಲಸ ನೋಡಿಕೊಳ್ಳೋಕೆ ಹಾಕುವ ಮಾಮೂಲಿ ಲೈವ್ ಎಕ್ಸ್‌ರೇಗಿಂತ (ಫ್ಲೋರೋ) ಸುಮಾರು ಹತ್ತು ಪಟ್ಟು. ಬಲೂನ್ ಒಂದು ಸಲ ಉಬ್ಬಿಸಿದ ಮೇಲೆ ವಾಲ್ವ್ ಎಷ್ಟು ಬಿಟ್ಟಿತು ಅಂತ ನೋಡೋಕೆ ಎಕೋ ಇದ್ದೇ ಇರುತ್ತದೆ, ಅದಕ್ಕೆ ಸಿನೆ ಬೇಕಿಲ್ಲ.

‘ನಮ್ಮ ಹುಡುಗಿ ಹೊಟ್ಟೆಗೂ ಆ ಸೀಸದ ಕೋಟು ಹಾಕಿ’ ಅಂತ ಮನೆಯವರು ಕೇಳುತ್ತಾರೆ. ಎಕ್ಸ್‌ರೇ ಬರೋದು ಕೆಳಗಿನಿಂದ ಅಲ್ವಾ, ಮೇಲೆ ಹೊದಿಸಿದರೆ ಅಷ್ಟೇನೂ ಲಾಭವಿಲ್ಲ. ಹೊಟ್ಟೆಗೆ ತಲುಪುವುದು ಹೆಚ್ಚಾಗಿ ಎದೆಯಿಂದ ಮೈಯೊಳಗೇ ಚದುರಿ ಬಂದದ್ದು.

ಕೋಟಿನ ಬದಲು ಇದನ್ನು ಕೇಳಿ: ‘ಒಟ್ಟು ಡೋಸು ಎಷ್ಟಾಯಿತು, ಡಿಸ್ಚಾರ್ಜ್ ಕಾಗದದಲ್ಲಿ ಬರೆದುಕೊಡ್ತೀರಾ?’ ಯಂತ್ರ ಅದನ್ನು ಮಿಲಿಗ್ರೇ ಲೆಕ್ಕದಲ್ಲಿ ತೋರಿಸುತ್ತದೆ. ಬೆನ್ನಿನ ಚರ್ಮ ಕೆಂಪಾಗುವ ಭಯ ಶುರುವಾಗೋದು ಸುಮಾರು 2000ದ ಹತ್ತಿರ. ಮಾಮೂಲಿ ಬಲೂನ್ ಕೇಸು ಅಲ್ಲಿವರೆಗೆ ಹೋಗೋದು ಅಪರೂಪ.

ಇನ್ನೊಂದು, ಅಣ್ಣನ ಎದುರು ತಂಗಿ ಹೇಳದೇ ಇರಬಹುದಾದ ವಿಷಯ. ಮುಟ್ಟು ತಪ್ಪಿದೆಯಾ ಅಂತ ಅಮ್ಮನೋ ಅತ್ತಿಗೆಯೋ ಕೇಳಿ, ಟೇಬಲ್ ಮೇಲೆ ಮಲಗಿಸುವ ಮೊದಲೇ ಡಾಕ್ಟರಿಗೆ ಹೇಳಲಿ. ಬಸುರಿಯರಿಗೂ ಬಲೂನ್ ಮಾಡುತ್ತಾರೆ. ಆಗ ಸಾಧ್ಯವಾದರೆ ಮೂರು ತಿಂಗಳು ದಾಟುವವರೆಗೆ ಕಾಯುತ್ತಾರೆ, ಆದಷ್ಟೂ ಎಕೋ ನೋಡಿಕೊಂಡೇ ಕೆಲಸ ಮುಗಿಸುತ್ತಾರೆ.